ಥಾರ್‌ಗೆ ಪಾಲಿಯುರೆಥೇನ್ ಬುಶ್ ಹಾಕಿ ಎರಡು ಮಳೆಗಾಲ: ಹಿಡಿತ ಗಟ್ಟಿ, ಕಿರಿಕಿರಿ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ, ಈ ಬುಶ್ ಸೆಟ್ (ಚಕ್ರ ಹಿಡಿಯುವ ತೋಳುಗಳ ಕೀಲಿಗೆ ಹಾಕುವ ಮೆತ್ತೆ; ಮಾಮೂಲಿ ರಬ್ಬರಿನದ್ದು, ಇದು ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದ್ದು) ಕೆಟ್ಟದ್ದಲ್ಲ. ಆದರೆ ಕೂಗುತ್ತದೆ. ಜೋರು ಮಳೆಯಲ್ಲಿ ಸದ್ದೇ ಇಲ್ಲ. ಮಳೆ ನಿಂತು ಸ್ವಲ್ಪ ಬಿಸಿಲು ಬಿದ್ದರೆ ಸಾಕು, ಮುಂದಿನ ಎಡಗಡೆಯಿಂದ ‘ಕಿರ್ರ್... ಕೀಂಯ್’ ಅಂತ ಶುರು. ಹಂಪ್ ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಎಣ್ಣೆ ಕಾಣದ ಬಾವಿ ರಾಟೆಯನ್ನು ಬಾನೆಟ್ ಒಳಗೆ ಕಟ್ಟಿಕೊಂಡು ಓಡಾಡಿದ ಹಾಗೆ.

ಗಾಡಿ 2015ರ ಥಾರ್, ಹಳೆ ಸಿಆರ್‌ಡಿಇ (ಡೀಸೆಲ್). ಇಂಜಿನ್, ಗೇರು, ಟಾರ್ಕು ಎಲ್ಲಾ ನಿಮಗೆ ಗೊತ್ತಿರುವುದೇ, ಬಿಡಿ. ಈ ವಿಷಯಕ್ಕೆ ಬೇಕಾದ್ದು ಇಷ್ಟೇ: ಇದಕ್ಕೆ ಹಿಂದೆ ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್) ಇದ್ದರೂ ಮುಂದೆ ಹಳೆ ಜೀಪಿನ ಹಾಗೆ ಪ್ಲೇಟ್ ಇಲ್ಲ, ಟಾರ್ಷನ್ ಬಾರ್ ಇದೆ, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು. ಎರಡು ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಕೂತವರಿಗೆ ಸುಖ. ಆದರೆ ಆರ್ಮ್ (ಚಕ್ರ ಹಿಡಿಯುವ ತೋಳು), ಬುಶ್, ಬಾಲ್ ಜಾಯಿಂಟ್ (ತೋಳಿನ ತುದಿಯ ಗುಂಡು ಕೀಲು) ಅಂತ ಸವೆಯುವ ಸಾಮಾನೂ ಜಾಸ್ತಿ.

ನಮ್ಮ ತೋಟ ಕೊಡಗಿನ ಮಾದಾಪುರದಿಂದ ಒಳಗೆ. ರಸ್ತೆ ಅಂತ ಕರೆಯುವುದು ಮರ್ಯಾದೆಗೆ. ಅರ್ಧ ದಾರಿ ಕಾಡುಕಲ್ಲು, ಇನ್ನರ್ಧ ಕೆಮ್ಮಣ್ಣು, ನಡುವೆ ಎರಡು ಕಡೆ ನೀರು ಕೊರೆದ ಕೊರಕಲು. ಕೊಯ್ಲಿನ ಕಾಲದಲ್ಲಿ ಹಿಂದೆ ಕಾಫಿ ಮೂಟೆ, ಮಳೆಗೆ ಮುಂಚೆ ಗೊಬ್ಬರ, ಉಳಿದ ದಿನ ಮಕ್ಕಳು, ಗ್ಯಾಸ್ ಸಿಲಿಂಡರ್, ಕೆಲವೊಮ್ಮೆ ಒಂದು ಹಂದಿಮರಿ. ಪ್ರವಾಸಿಗರು ಹೋಗುವ ಮಾಂದಲ್‌ಪಟ್ಟಿ ಬೆಟ್ಟದ ಕೆಸರಿನಲ್ಲಿ ಭಾನುವಾರ ಆಟ ಆಡುವ ಗಾಡಿ ಅಲ್ಲ ಇದು, ದಿನಾ ದುಡಿಯುವ ಗಾಡಿ.

ಬದಲಾಯಿಸುವ ಹೊತ್ತಿಗೆ ಮುಂಭಾಗ ಪೂರ್ತಿ ಸಡಿಲವಾಗಿತ್ತು. ಸಣ್ಣ ಕಲ್ಲಿನ ಮೇಲೆ ಹೋದರೂ ‘ಕಟ ಕಟ’. ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ ಎಳೆಯುತ್ತಿತ್ತು. ಟೈರಿನ ಒಳಗಿನ ಅಂಚು ಬೋಳು, ಹೊರಗಿನ ಅಂಚಿನಲ್ಲಿ ಇನ್ನೂ ಮೊಳೆ ಮೊಳೆಯಾಗಿ ರಬ್ಬರ್. ಇದನ್ನು ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಡ. ಜಾಕ್ ಹಾಕಿ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಆಗ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಆಡಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು) ನೋಡಿ. ನನ್ನದರಲ್ಲಿ ಎಲ್ಲಾ ಕಡೆ ಆಟ ಇತ್ತು. ಬುಶ್‌ಗಳಂತೂ ಸಬ್ಬಲ್ ಕೊಟ್ಟು ಎತ್ತಿದರೆ ಬಾಯಿ ಬಿಡುತ್ತಿದ್ದವು.

2024ರ ಬೇಸಿಗೆಯಲ್ಲಿ ಕೈ ಹಾಕಿದೆ. ಆ ವರ್ಷ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತ್ತಲ್ಲ, ಗಾಡಿಗೂ ಸ್ವಲ್ಪ ಪಾಲು ಇರಲಿ ಅಂತ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಶಾಕ್ಸ್ ಎಲ್ಲಾ ಕಂಪನಿಯದ್ದೇ ತರಿಸಿದೆ. ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ. ಹಾಕಿದೆ, ಮರೆತೆ. ಅದೇ ಅವುಗಳ ಗುಣ. ಬುಶ್ ಮಾತ್ರ ಬೇರೆ ಕಡೆಯದ್ದು, ಆನ್‌ಲೈನ್‌ನಲ್ಲಿ ಸಿಗುವ ಪಾಲಿಯುರೆಥೇನ್ ಸೆಟ್. ರಬ್ಬರ್ ಸೆಟ್‌ಗಿಂತ ಎರಡು ಪಟ್ಟು ಮೇಲೆ ಬೆಲೆ.

ಯಾಕೆ ಅಂದರೆ ನಮ್ಮಲ್ಲಿ ಒಂದು ಅಭ್ಯಾಸ ಇದೆ. ಮಳೆಗಾಲಕ್ಕೆ ಮುಂಚೆ ವಾಟರ್ ಸರ್ವಿಸ್ ಮಾಡಿಸಿ ಗಾಡಿ ಅಡಿಗೆ ಡೀಸೆಲ್ ಹೊಡೆಸುವುದು. ತುಕ್ಕು ಹಿಡಿಯಬಾರದು ಅಂತ. ಚಾಸಿಗೆ ಒಳ್ಳೆಯದೇ, ಆದರೆ ಅದೇ ಡೀಸೆಲ್ ಕುಡಿದು ರಬ್ಬರ್ ಬುಶ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಸೀಳುತ್ತದೆ. ಪಾಲಿಯುರೆಥೇನ್‌ಗೆ ಡೀಸೆಲ್, ಎಣ್ಣೆ ಅಷ್ಟಾಗಿ ತಾಗುವುದಿಲ್ಲ. ಭಾರಕ್ಕೂ ಬಗ್ಗುವುದು ಕಡಿಮೆ. ಮೂಟೆ ಹೊರುವ ಗಾಡಿಗೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು.

ಹಾಕಿದ್ದು ನಮ್ಮ ಸುಂಟಿಕೊಪ್ಪದ ಮೆಕ್ಯಾನಿಕ್, ನಾವು ಚೇಟ (ಮಲಯಾಳದಲ್ಲಿ ಅಣ್ಣ) ಅನ್ನುವವರು. ಬಿಚ್ಚುವ ಮುಂಚೆ ಟಾರ್ಷನ್ ಬಾರಿನ ಹಿಂದಿನ ಬೋಲ್ಟ್ ಎಷ್ಟು ಎಳೆ ಹೊರಗಿದೆ ಅಂತ ಅಳೆದು, ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿದರು. ಎಡದ ಬಾರ್ ಎಡಕ್ಕೇ, ಬಲದ್ದು ಬಲಕ್ಕೇ. ತಿರುಚಿ ತಿರುಚಿ ಒಂದೇ ದಿಕ್ಕಿಗೆ ಒಗ್ಗಿಕೊಂಡಿರುವ ಬಾರ್ ಅದು, ಅದಲು ಬದಲು ಮಾಡುವ ಹಾಗಿಲ್ಲ. ಇದೇ ಬೋಲ್ಟ್ ತಿರುಗಿಸಿ ‘ಎರಡಿಂಚು ಎತ್ತರ ಮಾಡಿಕೊಡ್ತೀನಿ’ ಅನ್ನುವ ಹುಡುಗರು ಊರಲ್ಲಿ ಇದ್ದಾರೆ. ಮಾಡಿಸಬೇಡಿ. ಗಾಡಿ ಎತ್ತರ ಕಾಣುತ್ತದೆ ನಿಜ. ಜೊತೆಗೆ ಆಕ್ಸಲ್ ಕೋನ ಕಡಿದಾಗಿ ಅದರ ಕೀಲಿನ ರಬ್ಬರ್ ಬೂಟ್ (ಮುಸುಕು) ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಹೋಗುತ್ತದೆ.

ಒಂದು ವಿಷಯ ರಬ್ಬರ್ ಹಾಕಿಸುವವರಿಗೆ. ರಬ್ಬರ್ ಬುಶ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಆಡಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಹಾಗಾಗಿ ಚಕ್ರ ನೇತಾಡುವಾಗ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದಲೇ ಬುಶ್ ತಿರುಚಿಕೊಂಡು ಕೂತಿರುತ್ತದೆ. ಒಂದೇ ವರ್ಷಕ್ಕೆ ಸೀಳಿತು ಅಂತ ಕಂಪನಿಗೆ ಬೈಯುವವರಲ್ಲಿ ಅರ್ಧ ಜನರದ್ದು ಇದೇ ಕಥೆ ಇರಬೇಕು. ಚಕ್ರ ನೆಲದ ಮೇಲೆ ನಿಂತು, ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಮೆಕ್ಯಾನಿಕ್ ಪಕ್ಕ ನಿಂತು ಇದೊಂದನ್ನು ನೋಡಿಕೊಳ್ಳಿ.

ಪಾಲಿಯುರೆಥೇನ್‌ಗೆ ಈ ತಲೆನೋವು ಇಲ್ಲ. ಅದು ಅಂಟಿರುವುದಿಲ್ಲ, ಒಳಗಿನ ಕೊಳವೆಯ ಮೇಲೆ ಜಾರುತ್ತದೆ. ಜಾರಬೇಕು ಅಂದರೆ ಗ್ರೀಸ್ ಬೇಕು. ನನ್ನ ಸಿಟ್ಟು ಇರುವುದು ಇಲ್ಲೇ. ಇಷ್ಟು ದುಡ್ಡಿನ ಸೆಟ್ ಜೊತೆ ಬಂದ ಗ್ರೀಸ್ ಎಷ್ಟು ಗೊತ್ತಾ? ಶಾಂಪೂ ಸ್ಯಾಷೆ ಅಷ್ಟು, ಎರಡು. ಒಂದು ಕಡೆಯ ಆರ್ಮ್‌ಗೇ ಮುಗಿಯಿತು. ಇನ್ನೊಂದು ಕಡೆಗೆ ಚೇಟ ಚಾಸಿ ಗ್ರೀಸ್ ಬಳಿದರು. ‘ಸಾವ್ಕಾರ್ರೇ, ಇದು ಎರಡು ಮಳೆ ತಡ್ಕೊಳಲ್ಲ’ ಅಂತ ಆಗಲೇ ಹೇಳಿದ್ದರು. ಕಕ್ಕಡದ (ಜುಲೈ ನಡುವಿನಿಂದ ಬರುವ ಕೊಡವ ತಿಂಗಳು) ಮಳೆ ಶುರುವಾಗುವ ಮುಂಚೆಯೇ ಅವರ ಮಾತು ನಿಜವಾಯಿತು. ಗ್ರೀಸ್ ತೊಳೆದು ಹೋಯಿತು, ಆ ಜಾಗಕ್ಕೆ ಕೆಮ್ಮಣ್ಣಿನ ಗಸಿ ಸೇರಿತು, ಕೂಗು ಶುರುವಾಯಿತು.

ಮಾರಿದವರಿಗೆ ಮೆಸೇಜ್ ಹಾಕಿದೆ. ‘ಬ್ರೇಕ್ ಇನ್ ಆಗಲಿ ಸರ್’ ಅಂತ ಉತ್ತರ ಬಂತು, ಅಂದರೆ ಹೊಸ ಸಾಮಾನು ಒಗ್ಗಿಕೊಳ್ಳಲಿ ಅಂತ. ಆ ಮಳೆಗಾಲ ಪೂರ್ತಿ ಬ್ರೇಕ್ ಇನ್ ಆಗುತ್ತಲೇ ಇತ್ತು. ಮಡಿಕೇರಿ ಪೇಟೆಯಲ್ಲಿ ಹಂಪ್ ಬಂದರೆ ಮಗಳು ಸೀಟಿನಲ್ಲಿ ಕೆಳಗೆ ಜಾರಿ ಕೂರುತ್ತಿದ್ದಳು, ಸ್ನೇಹಿತರು ನೋಡಬಾರದು ಅಂತ. ತೋಟದ ಕೆಲಸದವರಿಗೆ ಮಾತ್ರ ಬಹಳ ಅನುಕೂಲ ಆಯಿತು. ಗಾಡಿ ಕೆಳಗಿನ ತಿರುವಿಗೆ ಬಂದಾಗಲೇ ಸದ್ದು ಲೈನ್ ಮನೆ ತಲುಪುತ್ತಿತ್ತು. ನಾನು ಬರುವಷ್ಟರಲ್ಲಿ ಎಲ್ಲರ ಕೈಯಲ್ಲೂ ಕತ್ತಿ, ಎಲ್ಲರೂ ಬಗ್ಗಿ ಕಳೆ ಕಡಿಯುತ್ತಿರುವವರೇ. ‘ಅದಕ್ಕೆ ಗ್ರೀಸ್ ಹಾಕಿಸ್ಬೇಡಿ ಸಾವ್ಕಾರ್ರೇ’ ಅಂತ ನಮ್ಮ ಮೇಸ್ತ್ರಿ ನಕ್ಕ.

ಯಾವ ಬುಶ್ ಕೂಗುವುದು ಅಂತ ಹುಡುಕಿದ ವಿಧಾನ ನಿಮಗೂ ಉಪಯೋಗಕ್ಕೆ ಬರಬಹುದು. ಗಾಡಿ ಒಣಗಿರುವಾಗ ಒಬ್ಬರು ಮುಂದಿನ ಬಂಪರ್ ಮೇಲೆ ನಿಂತು ಕುಲುಕಬೇಕು. ಇನ್ನೊಬ್ಬರು ಬಾಟಲಿಯಿಂದ ಒಂದೊಂದೇ ಬುಶ್‌ಗೆ ನೀರು ಬಿಡಬೇಕು. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಭಾರ ಹೊರುವ ಕೆಳಗಿನ ಆರ್ಮ್‌ದೇ ತಪ್ಪು ಅಂದುಕೊಂಡಿದ್ದೆವು. ಅಲ್ಲ. ಎಡಗಡೆ ಮೇಲಿನ ಆರ್ಮ್, ಜೊತೆಗೆ ಸ್ಟೆಬಿಲೈಸರ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ಎರಡು ಕಡೆ ಜೋಡಿಸುವ ಸರಳು) ಬುಶ್. ಯೋಚಿಸಿದರೆ ಸರಿಯೇ. ಮೇಲಿನ ಆರ್ಮ್ ಗಿಡ್ಡ. ಚಕ್ರ ಅಷ್ಟೇ ಎದ್ದರೂ ಗಿಡ್ಡ ಆರ್ಮ್ ಜಾಸ್ತಿ ತಿರುಗಬೇಕು. ಜಾಸ್ತಿ ತಿರುಗಿದ ಕಡೆ ಜಾಸ್ತಿ ಉಜ್ಜಾಟ.

ಚೇಟ ಆಮೇಲೆ ನಾಲ್ಕೂ ಆರ್ಮ್‌ಗಳ ಬುಶ್ ಕೂರುವ ಮನೆಗೆ ಸಣ್ಣ ತೂತು ಕೊರೆದು ಗ್ರೀಸ್ ನಿಪ್ಪಲ್ (ಗನ್‌ನಿಂದ ಗ್ರೀಸ್ ತುಂಬುವ ಬಾಯಿ) ಕೂರಿಸಿಕೊಟ್ಟರು. ಸಿಲಿಕೋನ್ ಗ್ರೀಸ್ ಬೇರೆ ತರಿಸಿದೆ. ಅದು ನೀರಿಗೆ ಅಷ್ಟು ಬೇಗ ತೊಳೆದು ಹೋಗುವುದಿಲ್ಲ. ಅಲ್ಲಿಂದ ಭಾನುವಾರದ ಬೆಳಗ್ಗೆ ನನಗೊಂದು ಹೊಸ ಕೆಲಸ. ಬೆಲ್ಲದ ಕಾಫಿ ಕುಡಿದು, ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ, ಅಡಿಗೆ ಎರಡು ಗೋಣಿ ಚೀಲ ಹಾಸಿ ಮಲಗುವುದು. ಮಳೆಗಾಲ ಆದರೆ ಪಕ್ಕದಲ್ಲಿ ಒಂದು ಉಪ್ಪಿನ ಪೊಟ್ಟಣ ಕಡ್ಡಾಯ, ಜಿಗಣೆಗೆ. ಹಳೆ ಬನಿಯನ್‌ನಲ್ಲಿ ನಿಪ್ಪಲಿನ ಮಣ್ಣು ಒರೆಸಬೇಕು. ಒರೆಸದೆ ಗನ್ ಹಚ್ಚಿದರೆ ಮಣ್ಣನ್ನೇ ಒಳಗೆ ತಳ್ಳಿದ ಹಾಗೆ. ಆಮೇಲೆ ನಿಧಾನಕ್ಕೆ ಒತ್ತುವುದು. ಮೊದಲು ಏನೂ ಕಾಣುವುದಿಲ್ಲ. ಇನ್ನೊಂದು ಸಲ ಒತ್ತಿದಾಗ ಬುಶ್‌ನ ಅಂಚಿನಿಂದ ಕಂದು ಬಣ್ಣದ ಹಳೆ ಗ್ರೀಸ್ ದಾರದ ಹಾಗೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಬಿಳಿ ಹೊಸ ಗ್ರೀಸ್ ಕಂಡರೆ ಸಾಕು, ನಿಲ್ಲಿಸಬೇಕು. ಸ್ಟೆಬಿಲೈಸರ್ ಬುಶ್‌ಗೆ ಮಾತ್ರ ಬ್ರಾಕೆಟ್ ಸಡಿಲಿಸಿ ಬೆರಳಲ್ಲೇ ಬಳಿಯುತ್ತೇನೆ. ಹೆಂಡತಿ ಒಳಗಿನಿಂದ ರೊಟ್ಟಿ ಆರಿತು ಅಂತ ಕೂಗುವ ತನಕ ಅಡಿಯಲ್ಲೇ ಇರುತ್ತೇನೆ. ಇಷ್ಟು ಹೊತ್ತು ಬೇಕಾ ಅಂದರೆ, ಬೇಡ. ಸುಮ್ನೆ ಮಲಗಿರಲು ಒಂದು ನೆಪ ಸಿಕ್ಕಿದೆ.

ಈಗ ನ್ಯಾಯ ಹೇಳಬೇಕಾದ ಭಾಗ. ಕೂಗು ಕಡಿಮೆಯಾದ ಮೇಲೆ ಉಳಿದದ್ದು ಕಾಣಲು ಶುರುವಾಯಿತು. ಸ್ಟೀರಿಂಗ್ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ನೇರ. ಹಿಂದೆ ಮೂಟೆ ತುಂಬಿ ಕುಶಾಲನಗರದ ಕ್ಯೂರಿಂಗ್ (ಕಾಫಿ ಸಿಪ್ಪೆ ತೆಗೆಯುವ) ಮಿಲ್ಲಿಗೆ ಹೋಗುವಾಗ ಮುಂಚೆ ತಿರುವಿನಲ್ಲಿ ಗಾಡಿ ಒಂದು ಕ್ಷಣ ಯೋಚಿಸಿ ತಿರುಗುತ್ತಿತ್ತು, ಈಗ ಹಾಗಿಲ್ಲ. ಎರಡನೇ ಮಳೆಗಾಲ ಮುಗಿದ ಮೇಲೆ ಅಲೈನ್‌ಮೆಂಟ್ ನೋಡಿಸಿದೆ. ಹಾಕಿದಾಗ ಇದ್ದ ಲೆಕ್ಕವೇ ಹತ್ತಿರ ಹತ್ತಿರ ಇತ್ತು. ಟೈರ್ ಎರಡೂ ಅಂಚು ಒಂದೇ ಸಮ ಸವೆದಿದೆ. ನಮ್ಮ ರಸ್ತೆಗೆ ಇದು ದೊಡ್ಡ ಮಾತು. ಒಂದು ಜೊತೆ ಟೈರ್ ಉಳಿದರೆ ಬುಶ್ ಸೆಟ್‌ನ ದುಡ್ಡು ಅಲ್ಲಿಗೇ ಬಂತು. (ಬುಶ್ ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸದೆ ಓಡಿಸುವವರಿಗೆ ನಾನು ಏನೂ ಹೇಳುವುದಿಲ್ಲ. ಟೈರ್ ಅಂಗಡಿಯವರು ಹೇಳುತ್ತಾರೆ.)

ಗಡಸು ಇದೆ, ಸುಳ್ಳು ಹೇಳುವುದಿಲ್ಲ. ಸಣ್ಣ ಜಲ್ಲಿ ರಸ್ತೆಯ ನಡುಕ ಮುಂಚೆಗಿಂತ ಜಾಸ್ತಿ ಕೈಗೆ ಬರುತ್ತದೆ. ಅಮ್ಮನಿಗೆ ಅದು ಆಗುವುದಿಲ್ಲ, ಆಸ್ಪತ್ರೆಗೆ ಹೋಗುವಾಗ ತಮ್ಮನ ಕಾರು ಕೇಳುತ್ತಾರೆ. ಮಾಂದಲ್‌ಪಟ್ಟಿಗೆ ಜೀಪ್ ಬಿಡುವ ಒಬ್ಬರನ್ನು ಕೇಳಿದೆ, ನೀವು ಯಾಕೆ ಇದನ್ನು ಹಾಕಿಸಲ್ಲ ಅಂತ. ‘ಅಣ್ಣಾ, ದಿನಾ ಆ ಕಲ್ಲಿನ ಮೇಲೆ ಹತ್ತಿ ಇಳಿಯೋದು. ಗ್ರೀಸ್ ಹಾಕ್ತಾ ಕೂತ್ರೆ ಟ್ರಿಪ್ ಯಾರು ಹೊಡೀತಾರೆ? ರಬ್ಬರ್ ಹೋದ್ರೆ ಇನ್ನೊಂದು ರಬ್ಬರ್’ ಅಂದರು. ಅವರ ಲೆಕ್ಕ ಅವರಿಗೆ ಸರಿ.

ನನ್ನ ಲೆಕ್ಕ ಬೇರೆ. ಈ ಕೊಯ್ಲು ಮುಗಿದ ಮೇಲೆ ಮೇಲಿನ ಆರ್ಮ್‌ಗಳಿಗೆ ಮತ್ತು ಸ್ಟೆಬಿಲೈಸರ್‌ಗೆ ಕಂಪನಿ ರಬ್ಬರ್ ವಾಪಸ್ ಹಾಕಿಸುತ್ತೇನೆ. ಕೆಳಗಿನ ಆರ್ಮ್‌ನಲ್ಲಿ ಪಾಲಿಯುರೆಥೇನ್ ಹಾಗೇ ಇರಲಿ. ಭಾರ ಹೊರುವ ಕಡೆ ಗಟ್ಟಿ, ಜಾಸ್ತಿ ತಿರುಗುವ ಕಡೆ ಮೆತ್ತಗೆ. ಪೂರ್ತಿ ಸೆಟ್ ತಗೊಳ್ಳುವವರು ನಿಪ್ಪಲ್ ಕೂರಿಸುವ ಖರ್ಚನ್ನೂ, ಒಂದು ಡಬ್ಬಿ ಸಿಲಿಕೋನ್ ಗ್ರೀಸ್‌ನ್ನೂ ಮೊದಲೇ ಬೆಲೆಗೆ ಸೇರಿಸಿಕೊಳ್ಳಿ. ವಾರಕ್ಕೊಮ್ಮೆ ಗಾಡಿ ಅಡಿಗೆ ಹೋಗಲು ಮನಸ್ಸಿಲ್ಲದವರು ರಬ್ಬರ್ ಹಾಕಿಸಿ, ಡೀಸೆಲ್ ಹೊಡೆಸುವುದು ಬಿಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕೂಗಿಗೆ, ಅರ್ಧ ಆ ಶಾಂಪೂ ಸ್ಯಾಷೆಗೆ.