ಶಾಲೆಯ ವಿದೇಶಿ ಭಾಷೆಗೆ ಆಂಕಿ ಆ್ಯಪ್: ಪದ ಉಳಿಸುತ್ತದೆ, ಮಾತು ಕಲಿಸುವುದಿಲ್ಲ

ವಾರಕ್ಕೆ ಎರಡು ಮೂರು ಪೀರಿಯಡ್‌ಗಳಲ್ಲಿ ಕಲಿತ ಫ್ರೆಂಚ್, ಜರ್ಮನ್ ಪದಗಳು ಮುಂದಿನ ಪಾಠದ ಹೊತ್ತಿಗೆ ಅರ್ಧ ಮಾಸಿರುತ್ತವೆ. ಆಂಕಿ ಆ ತೂತಿಗೆ ಹಾಕುವ ತೇಪೆ. ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ ಇರುವ ಕಾರ್ಡನ್ನು, ಇನ್ನೇನು ಮರೆತುಹೋಗುತ್ತದೆ ಅನ್ನುವಾಗ ಮತ್ತೆ ಕಣ್ಣ ಮುಂದೆ ತರುತ್ತದೆ. ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನ್‌ನಲ್ಲಿ ಮಾತ್ರ ಒಮ್ಮೆ ದುಡ್ಡು ಕೊಡಬೇಕು.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ದಿನದ ಹೊಸ ಕಾರ್ಡ್‌ಗಳನ್ನು 20ರಿಂದ 10ಕ್ಕೆ ಇಳಿಸಿ. 20 ಇಟ್ಟುಕೊಂಡರೆ ಕೆಲವೇ ವಾರಗಳಲ್ಲಿ ದಿನದ ರಿವಿಷನ್ ನೂರು ದಾಟುತ್ತದೆ, ಹೋಮ್‌ವರ್ಕ್ ನಡುವೆ ಅಷ್ಟು ಸಾಗುವುದಿಲ್ಲ. ಪದಕ್ಕೆ ಎರಡೂ ದಿಕ್ಕಿನ ಕಾರ್ಡ್ (ವಿದೇಶಿ ಪದದಿಂದ ಕನ್ನಡಕ್ಕೆ ಒಂದು, ಕನ್ನಡದಿಂದ ಅದಕ್ಕೆ ಇನ್ನೊಂದು) ಮಾಡಿದರೆ 10 ಕಾರ್ಡ್ ಅಂದರೆ 5 ಪದ. 200 ದಿನಕ್ಕೆ 1000 ಪದ. ಸಾಕು ಬಿಡಿ.

ಬೇರೆಯವರು ಮಾಡಿಟ್ಟ ಡೆಕ್ (ಕಾರ್ಡ್‌ಗಳ ಕಟ್ಟು) ಇಳಿಸಿಕೊಳ್ಳುವ ಆಸೆ ಬೇಡ. ಅದರ ಪದಗಳ ಸರದಿ ಪಠ್ಯಪುಸ್ತಕಕ್ಕೆ ಹೊಂದುವುದಿಲ್ಲ. ಕಾರ್ಡ್ ಮಾಡುವುದೇ ಅರ್ಧ ಕಲಿಕೆ ಕೂಡ. ಜರ್ಮನ್ ನಾಮಪದವನ್ನು ಒಂಟಿಯಾಗಿ ಹಾಕಬೇಡಿ: 'ಟಿಶ್' (ಮೇಜು) ಅಲ್ಲ, ಪುಲ್ಲಿಂಗ ತೋರಿಸುವ 'ಡೇರ್' ಸೇರಿಸಿ 'ಡೇರ್ ಟಿಶ್', ಜೊತೆಗೆ ಬಹುವಚನ. ಕನ್ನಡದಲ್ಲಿ ಲಿಂಗ ಅರ್ಥದಿಂದಲೇ ಗೊತ್ತಾಗುತ್ತದೆ. ಮೇಜು ಪುಲ್ಲಿಂಗ ಎಂದು ನೆನಪಿಡುವ ಅಭ್ಯಾಸ ನಮಗಿಲ್ಲ, ಆಮೇಲೆ ಸೇರಿಸೋಣ ಎಂದರೆ ಅಂಟುವುದಿಲ್ಲ. ಕ್ರಿಯಾಪದದ ಆರೂ ರೂಪಗಳನ್ನು ಒಂದೇ ಕಾರ್ಡಿಗೆ ತುರುಕುವುದೂ ತಪ್ಪು. ಐದು ಸರಿಯಾಗಿ ಒಂದು ತಪ್ಪಿದರೆ, ಉತ್ತರ ನೋಡಿದ ಮೇಲೆ ನೆನಪಾಯಿತು ಎನ್ನುವ ಬಟನ್ ಒತ್ತುತ್ತೀರೋ, ಮರೆತೆ ಎನ್ನುವುದನ್ನೋ? ವಾಕ್ಯ ಬರೆದು, ಒಂದು ರೂಪ ಮಾತ್ರ ಮರೆಮಾಡುವ 'ಕ್ಲೋಜ್' ಕಾರ್ಡ್ ಬಳಸಿ. ಉಚ್ಚಾರಣೆಗೆ ಶಿಕ್ಷಕರ ಒಪ್ಪಿಗೆ ಪಡೆದು ಅವರ ದನಿಯನ್ನೇ ರೆಕಾರ್ಡ್ ಮಾಡಿಕೊಳ್ಳಿ.

ಹೆಚ್ಚಿನವರು ಎಡವುವುದು 'ಹಾರ್ಡ್' ಬಟನ್‌ನಲ್ಲಿ. ಮರೆತಾಗ ಒತ್ತಬೇಕಾದದ್ದು 'ಅಗೇನ್'. 'ಹಾರ್ಡ್' ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದೇ ಆ್ಯಪ್‌ನ ಲೆಕ್ಕ, ಹಾಗಾಗಿ ಗೊತ್ತಿಲ್ಲದ ಪದ ಇನ್ನೂ ದೂರ ಹೋಗುತ್ತದೆ. ಎಂಟು ಸಲ ಮರೆತ ಕಾರ್ಡಿಗೆ 'ಲೀಚ್' (ಜಿಗಣೆ, ಅಂದರೆ ಸಮಯ ಹೀರುವ ಕಾರ್ಡ್) ಗುರುತು ಬೀಳುತ್ತದೆ. ಅದನ್ನು ಗಟ್ಟು ಹೊಡೆಯುವ ಬದಲು ಬೇರೆ ವಾಕ್ಯದಲ್ಲಿಟ್ಟು ಹೊಸದಾಗಿ ಬರೆಯಿರಿ.

ಮಾತಾಡುವುದು, ಎದುರಿನವರು ವೇಗವಾಗಿ ಹೇಳಿದ್ದನ್ನು ಹಿಡಿಯುವುದು, ತಪ್ಪು ತಿದ್ದಿಸಿಕೊಳ್ಳುವುದು ಇದರಲ್ಲಿಲ್ಲ. ಅದಕ್ಕೆ ತರಗತಿಯೇ ಬೇಕು. ಪದಗಳ ಹೊರೆ ಮನೆಯಲ್ಲೇ ಇಳಿದರೆ ಪೀರಿಯಡ್ ಪೂರ್ತಿ ಮಾತಿಗೆ ಸಿಗುತ್ತದೆ. ಶಿಕ್ಷಕರು ಆ ಸಮಯವನ್ನು ಮತ್ತೆ ಪದಪಟ್ಟಿ ಓದಿಸುವುದಕ್ಕೇ ಬಳಸಿದರೆ ಆ್ಯಪ್ ಇದ್ದೂ ದಂಡ.

ರಜೆ ಮುಗಿಸಿ ತೆರೆದಾಗ ನೂರಾರು ಬಾಕಿ ಕಾಣಿಸುತ್ತದೆ. ಡೆಕ್ ಅಳಿಸಬೇಡಿ. ಹೊಸ ಕಾರ್ಡ್ ಸೊನ್ನೆಗೆ, ರಿವಿಷನ್ ಮಿತಿ 50ಕ್ಕೆ ಇಟ್ಟು, ಬಾಕಿ ಕರಗಿದ ಮೇಲೆ ಹಳೆಯ ಮಿತಿಗೆ ತನ್ನಿ.