ವಾರಕ್ಕೊಂದು ದಿನದ ಮಾತ್ರೆ: ಮೆಥೊಟ್ರೆಕ್ಸೇಟ್ ಜೊತೆ ನಾಲ್ಕು ವರ್ಷ

ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವುದು ನನ್ನ ಕೆಲಸ. ಹಾಗಾಗಿ ಔಷಧದ ಪೆಟ್ಟಿಗೆಯೊಳಗೆ ಮಡಚಿಟ್ಟ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದುವ ಕೆಲವೇ ಜನರಲ್ಲಿ ನಾನೂ ಒಬ್ಬಳು. ಮೆಥೊಟ್ರೆಕ್ಸೇಟಿನ ಚೀಟಿಯನ್ನು ಮೊದಲ ಸಲ ಬಿಡಿಸಿದಾಗ ನಾನು ಹುಡುಕಿದ್ದು ನನ್ನ ಕಾಯಿಲೆಯ ಹೆಸರನ್ನು. ಅದು ಅಲ್ಲಿರಲಿಲ್ಲ.

ನನಗಿರುವುದು ಸೋರಿಯಾಟಿಕ್ ಆರ್ಥ್ರೈಟಿಸ್, ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಸಂಧಿವಾತ. ಮೊದಲು ತಲೆಯಲ್ಲಿ, ಮೊಣಕೈಯಲ್ಲಿ ಸೋರಿಯಾಸಿಸ್ ಬಂತು. ಕಪ್ಪು ರವಿಕೆ ತೊಡುವುದನ್ನು ಬಿಟ್ಟೆ, ಭುಜದ ಮೇಲೆ ಹೊಟ್ಟು ಉದುರುತ್ತಿತ್ತು. ಆರೇಳು ವರ್ಷ ಕಳೆದ ಮೇಲೆ ಬಲಗೈಯ ಎರಡು ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡವು. ಬೆಳಿಗ್ಗೆ ಎದ್ದು ಒಂದು ಗಂಟೆ ಕಳೆಯುವವರೆಗೂ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಚೀಟಿಯಲ್ಲಿ ಒಂದು ಸಾಲು ವಯಸ್ಕರ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ, ಒಂದು ಸಾಲು ಮಕ್ಕಳ ಹಲವು ಕೀಲುಗಳ ಸಂಧಿವಾತ, ಇನ್ನೊಂದು ಸಾಲು ತೀವ್ರ ಸೋರಿಯಾಸಿಸ್. ನನ್ನದು ಮೊದಲನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಬಿದ್ದಿತ್ತು. ವೈದ್ಯರನ್ನು ಕೇಳಿದರೆ ನಕ್ಕರು: "ಅಮೆರಿಕದ ಚೀಟಿಯಲ್ಲಿ ಇಲ್ಲ, ಯೂರೋಪಿನ ಕೆಲವು ಚೀಟಿಗಳಲ್ಲಿ ಇದೆ. ನಿಮ್ಮ ಬೆರಳಿಗೆ ಅದು ಗೊತ್ತಾಗುವುದಿಲ್ಲ ಬಿಡಿ." ಅನುಮೋದನೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅನುಭವದ ಬಲದ ಮೇಲೆ ವೈದ್ಯರು ಔಷಧ ಬರೆಯುವುದು ಲೋಕದ ಎಲ್ಲ ಕಡೆಯೂ ಇದೆ. ಆದರೂ ಕರಡು ತಿದ್ದುವವಳ ಕಣ್ಣಿಗೆ ಬಿಟ್ಟುಹೋದ ಪದ ಬಿಟ್ಟುಹೋದ ಪದವೇ.

ಚೀಟಿಯ ಮೊದಲ ಭಾಗ ಕ್ಯಾನ್ಸರಿನದು. ಊರಿನಿಂದ ಚಿಕ್ಕಮ್ಮ ಫೋನು ಮಾಡಿ, "ಇದು ಕ್ಯಾನ್ಸರ್ ಮಾತ್ರೆಯಂತಲ್ಲ, ನೀನು ಯಾಕೆ ನುಂಗುತ್ತಿದ್ದೀಯ?" ಎಂದು ಗಾಬರಿಯಾಗಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಇದರ ಅಣ್ಣನಂಥ ಅಮಿನೋಪ್ಟೆರಿನ್ ಎಂಬ ಔಷಧವನ್ನು 1948ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ಫಲ ಕಂಡಿದ್ದರು. 1951ರಲ್ಲಿ ಅದೇ ಔಷಧ ಕೀಲುನೋವನ್ನೂ ಸೋರಿಯಾಸಿಸ್ಸನ್ನೂ ತಗ್ಗಿಸುವುದನ್ನು ವೈದ್ಯರು ಗಮನಿಸಿದರು. ಮೆಥೊಟ್ರೆಕ್ಸೇಟಿಗೆ ಅಮೆರಿಕದಲ್ಲಿ ಸೋರಿಯಾಸಿಸ್ ಅನುಮೋದನೆ ಸಿಕ್ಕಿದ್ದು 1972ರಲ್ಲಿ, ರುಮಟಾಯ್ಡ್ ಆರ್ಥ್ರೈಟಿಸ್ ಅನುಮೋದನೆ 1988ರಲ್ಲಿ. ಚರ್ಮ ಮುಂದೆ ಹೋಗಿ ಹದಿನಾರು ವರ್ಷ ಕೀಲುಗಳಿಗಾಗಿ ಕಾಯಿತು. ಕ್ಯಾನ್ಸರಿಗೆ ಕೊಡುವ ಪ್ರಮಾಣದ ಮುಂದೆ ನಮ್ಮದು ಚಿಟಿಕೆಯಷ್ಟು ಎಂದು ಚಿಕ್ಕಮ್ಮನಿಗೆ ಹೇಳಿದೆ. ಅವರು ಪೂರ್ತಿ ನಂಬಲಿಲ್ಲ.

ಫಲದ ವಿಷಯ. ಮೊದಲ ಆರು ವಾರ ಏನೂ ಇಲ್ಲ, ಬಿಟ್ಟುಬಿಡೋಣ ಎನ್ನಿಸಿತ್ತು. ಒಂಬತ್ತನೆಯ ವಾರದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸಿ, ಪೇಸ್ಟು ಹಾಕಿಕೊಂಡು, ಅರ್ಧ ಹಲ್ಲುಜ್ಜಿದ ಮೇಲೆ ಅರಿವಾಯಿತು: ಮುಚ್ಚಳ ತಿರುಗಿಸಿದ್ದು ಬಲಗೈ. ಮೂರು ತಿಂಗಳ ಹೊತ್ತಿಗೆ ಮೊಣಕೈಯ ಹೊಟ್ಟು ತೆಳುವಾಗಿ, ಕೆಳಗಿನ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸೊಂಟದ ಬೆಳಗಿನ ಬಿಗಿತಕ್ಕೆ ಮಾತ್ರ ಇದು ಕಿವಿಗೊಡಲೇ ಇಲ್ಲ. ಬೆನ್ನುಮೂಳೆಯ ತೊಂದರೆಗೆ ಈ ಔಷಧ ಅಷ್ಟಾಗಿ ನಾಟುವುದಿಲ್ಲ ಎಂದು ಆಮೇಲೆ ತಿಳಿಯಿತು. ಅದು ಹೆಚ್ಚಾದರೆ ಅಡಲಿಮುಮಾಬ್‌ನಂಥ ಚುಚ್ಚುಮದ್ದು ನೋಡೋಣ ಎಂದಿದ್ದಾರೆ. ಅದರ ಚೀಟಿಯಲ್ಲಿ ನನ್ನ ಕಾಯಿಲೆಯ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆ.

ತೊಂದರೆಗಳೂ ಇವೆ. ಭಾನುವಾರ ರಾತ್ರಿ ಮಾತ್ರೆ, ಸೋಮವಾರ ಮಧ್ಯಾಹ್ನದವರೆಗೆ ವಾಕರಿಕೆ ಮತ್ತು ತಲೆಯೊಳಗೆ ಹತ್ತಿ ತುಂಬಿದಂಥ ಮಂಕು. ಸೋಮವಾರ ನಾನು ತಿದ್ದಿದ ಪುಟಗಳನ್ನು ಮಂಗಳವಾರ ಮತ್ತೊಮ್ಮೆ ನೋಡುತ್ತೇನೆ. ವಾರದ ಬೇರೊಂದು ದಿನಕ್ಕೆ ಫೋಲಿಕ್ ಆಮ್ಲದ ಮಾತ್ರೆ ಶುರುವಾದ ಮೇಲೆ ಬಾಯಿ ಹುಣ್ಣು ನಿಂತಿತು. ಮೆಥೊಟ್ರೆಕ್ಸೇಟ್ ದೇಹದಲ್ಲಿ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ನಿಲ್ಲುವ ಔಷಧ. ಅದನ್ನು ನುಂಗಿ, ಅದು ತಡೆದದ್ದನ್ನೇ ಮತ್ತೆ ನುಂಗುವುದು ಮೊದಲಿಗೆ ತಮಾಷೆಯಾಗಿ ಕಂಡಿತ್ತು. ನಿಯಮಿತವಾಗಿ ರಕ್ತಪರೀಕ್ಷೆ ಆಗಬೇಕು: ರಕ್ತಕಣಗಳು, ಯಕೃತ್ತು, ಮೂತ್ರಪಿಂಡ. ಮದ್ಯ ಬೇಡ. ಬಸಿರು ಇದ್ದಾಗ ಇದನ್ನು ಮುಟ್ಟಲೇಬಾರದು, ಮಗು ಬೇಕೆನ್ನುವವರು ಮೊದಲೇ ವೈದ್ಯರ ಬಳಿ ಮಾತನಾಡಿಕೊಳ್ಳಬೇಕು. ಮೂತ್ರದ ಸೋಂಕಿಗೆ ಯಾರಾದರೂ ಟ್ರೈಮೆಥೊಪ್ರಿಮ್ ಇರುವ ಮಾತ್ರೆ ಬರೆದರೆ, ತಕ್ಷಣ ಮೆಥೊಟ್ರೆಕ್ಸೇಟಿನ ಹೆಸರು ಹೇಳಿ. ಎರಡೂ ಸೇರಿದರೆ ಮೂಳೆಮಜ್ಜೆಗೆ ಅಪಾಯ.

ನನ್ನ ನಿಜವಾದ ದೂರು ಪೆಟ್ಟಿಗೆಯ ಮೇಲೆ. ಇದು ವಾರಕ್ಕೊಮ್ಮೆಯ ಔಷಧ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮೂರನೆಯ ತಿಂಗಳು ಒಂದು ಔಷಧದ ಅಂಗಡಿಯಲ್ಲಿ ಕೊಂಡಾಗ, ಕಾಗದದ ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ "ರಾತ್ರಿ ಊಟದ ನಂತರ, ದಿನಕ್ಕೆ 6" ಎಂದು ಬರೆದುಕೊಟ್ಟಿದ್ದರು. 2.5 ಮಿಲಿಗ್ರಾಮಿನ ಆರು ಮಾತ್ರೆ, ವಾರದಲ್ಲಿ ಒಂದೇ ರಾತ್ರಿ, ಇದು ನನ್ನ ಪ್ರಮಾಣ. ಸಂಖ್ಯೆ ಸರಿ, ಪದ ತಪ್ಪು. ಎರಡು ತಿಂಗಳ ಅಭ್ಯಾಸವಿದ್ದ ಕಾರಣ ಅಲ್ಲೇ ನಿಂತು ಲಕೋಟೆಯನ್ನು ಹಿಂತಿರುಗಿಸಿದೆ. ಮೊದಲ ತಿಂಗಳೇ ಆಗಿದ್ದರೆ? ಆ ಹುಡುಗ ಕ್ಷಮೆ ಕೇಳಿ "ವಾರಕ್ಕೆ" ಎಂದು ತಿದ್ದಿದ, ಆದರೆ "ದಿನಕ್ಕೆ" ಎಂಬುದನ್ನು ಹೊಡೆದುಹಾಕದೆ ಅದರ ಮೇಲೇ ಬರೆದ. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಹೆಬ್ಬೆರಳಿನಷ್ಟು, "ವಾರಕ್ಕೊಮ್ಮೆ" ಎಂಬುದು ಇರುವೆಯಷ್ಟು. ಮೇಲಾಗಿ ನನಗೆ ಸಿಗುವ ಫೋಲಿಕ್ ಆಮ್ಲದ ಮಾತ್ರೆಯೂ ಹಳದಿ, ಇದೂ ಹಳದಿ.

ಔಷಧಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಸೊಂಟಕ್ಕೆ ಒಂದು ಕಡಿತ. ಪೆಟ್ಟಿಗೆಗೆ ಐದರಲ್ಲಿ ಒಂದೇ.

ಈಗ ಪ್ರತಿ ತಿಂಗಳೂ ಹೊಸ ಪೆಟ್ಟಿಗೆ ಬಂದ ಕೂಡಲೇ ಮೇಜಿನ ಮೇಲಿನ ಕೆಂಪು ಪೆನ್ನು ತೆಗೆದುಕೊಂಡು "ಭಾನುವಾರ ಮಾತ್ರ" ಎಂದು ಬರೆಯುತ್ತೇನೆ. ಮಾತ್ರೆಯ ಪಟ್ಟಿಯ ಮೇಲೂ ಬರೆದು ನೋಡಿದೆ. ಬೆಳ್ಳಿ ಹಾಳೆಯ ಮೇಲೆ ಆ ಶಾಯಿ ನಿಲ್ಲದೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಅಂಟುಚೀಟಿ ಹಚ್ಚುತ್ತೇನೆ.