ಕನ್ನಡ ಪುಸ್ತಕಕ್ಕೆ ಫೋನ್, ಕಿಂಡಲ್, ಕೋಬೋ: ಮೂರರಲ್ಲೂ ಓದಿ ನೋಡಿದ ಮೇಲೆ

ಕಿಂಡಲ್, ಕೋಬೋದಂಥ ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಮಾಡಿದ ಸಾಧನ ಕೊಳ್ಳುವವರು ಬೆಲೆ ನೋಡುತ್ತಾರೆ, ಆಮೇಲೆ ಸ್ಕ್ರೀನ್. ಕನ್ನಡ ಓದುವವರು ಅದಕ್ಕೂ ಮೊದಲು ತಮ್ಮ ಫೈಲ್‌ಗಳನ್ನು ನೋಡಬೇಕು. ನನ್ನ ಹತ್ತಿರ ಜಾಸ್ತಿ ಇರುವುದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯದಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಸ್ಕ್ಯಾನ್. ಹಾಗಾಗಿ ಮೂರನ್ನೂ ಅವುಗಳಿಂದಲೇ ಅಳೆದೆ.

ಫೋನಿನಲ್ಲಿ ಒತ್ತಕ್ಷರ ಎಲ್ಲೂ ಒಡೆಯುವುದಿಲ್ಲ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಎಂಬ ಎರಡು ಇ-ಪುಸ್ತಕ ಆ್ಯಪ್‌ಗಳ ಕನ್ನಡ ಪುಸ್ತಕಗಳೂ ಸಿಗುತ್ತವೆ. ಆದರೆ ವಿಜಯಪುರದ ಬೇಸಿಗೆಯಲ್ಲಿ ಗೋಳಗುಮ್ಮಟದ ಹುಲ್ಲಿನ ಮೇಲೆ ಕೂತು ಓದಲು ಹೋದರೆ ಸ್ಕ್ರೀನ್ ತುಂಬಾ ನಮ್ಮದೇ ಮುಖ. ಇ-ರೀಡರ್‌ಗಳ ಕಾಗದದಂಥ ಇ-ಇಂಕ್ ಸ್ಕ್ರೀನಿಗೆ ಬಿಸಿಲು ಹೆಚ್ಚಾದಷ್ಟೂ ಅಕ್ಷರ ಸ್ಪಷ್ಟ.

ಇಂಗ್ಲಿಷ್ ಪುಸ್ತಕಕ್ಕೆ ಕಿಂಡಲ್ ಪೇಪರ್‌ವೈಟ್ ತುಂಬಾ ಹಿತ. ಕನ್ನಡಕ್ಕೆ? 2016ರಲ್ಲಿ ಕಿಂಡಲ್‌ಗೆ ಹಿಂದಿ, ಮರಾಠಿ, ತಮಿಳು, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಐದರಲ್ಲಿ ಕನ್ನಡ ಇರಲಿಲ್ಲ. ಬೆಳಗಾವಿಯಲ್ಲಿ ಒಂದೇ ಮನೆಯಲ್ಲಿ ಮರಾಠಿ, ಕನ್ನಡ ಎರಡನ್ನೂ ಓದುವವರಿದ್ದಾರೆ, ಅವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಇನ್ನೊಂದು ವಿಷಯ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ನಮ್ಮದೇ ಇಪಬ್ (ಇ-ಪುಸ್ತಕದ ಒಂದು ಬಗೆಯ) ಫೈಲ್ ಕಳಿಸಿಕೊಳ್ಳಲು ಮಾತ್ರ ಈಗಲೂ ಅಡ್ಡಿಯಿಲ್ಲ.

ನನಗೆ ಒಗ್ಗಿದ್ದು ಕೋಬೋ. ಕೇಬಲ್ ಚುಚ್ಚಿ ಇಪಬ್ ಕಾಪಿ ಮಾಡಿದರೆ ಸಾಕು. ಅದಕ್ಕೆ ಕೋರೀಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ, ನೋಟೋ ಕನ್ನಡ ಫಾಂಟ್ ಸೇರಿಸಿದೆ. ಇದರ ರೀಫ್ಲೋ ಸ್ಕ್ಯಾನ್ ಪುಟದ ಪದಗಳನ್ನು ಚಿತ್ರವಾಗಿಯೇ ಕತ್ತರಿಸಿ, ಸ್ಕ್ರೀನಿನ ಅಗಲಕ್ಕೆ ಹೊಸದಾಗಿ ಸಾಲು ಮಾಡುತ್ತದೆ. ಭಾಷೆ ಯಾವುದೆಂದು ಅದಕ್ಕೆ ಗೊತ್ತಿರಬೇಕಿಲ್ಲ! ಆರು ಇಂಚಿನ ಸ್ಕ್ರೀನಿನಲ್ಲಿ ಸಾಸಿವೆಯಂತಿದ್ದ ಅಕ್ಷರ ದಪ್ಪಗಾಗುತ್ತದೆ. ಮಸುಕು ಅಚ್ಚಿದ್ದರೆ ತಪ್ಪುತ್ತದೆ, ಪುಟ ತಿರುಗುವುದೂ ನಿಧಾನ. ನಮ್ಮೂರ ಅಂಗಡಿಗಳಲ್ಲಿ ಕೋಬೋ ಸಿಗಲಿಲ್ಲ, ಪರಿಚಯದವರಿಂದ ತರಿಸಿಕೊಂಡೆ. ರಿಪೇರಿಗೆ ಬಂದರೆ ಕಷ್ಟವೇ.

ಸಾಧನ ಯಾವುದಾದರೂ ಒಂದು ದಿನ ಕೆಡುತ್ತದೆ. ಉಳಿಯಬೇಕಾದ್ದು ಫೈಲ್. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನರಿಗೆ ಹಣ ವಾಪಸ್ ಬಂತು, ಪುಸ್ತಕ ಮಾತ್ರ ತೆರೆಯದಾದವು. ಕನ್ನಡದ ತೊಂದರೆ ಇನ್ನೂ ಒಳಗಿನದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಅಕ್ಷರ ಸಂಕೇತ, ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಹುಡುಕಿದರೆ ಒಂದು ಪದವೂ ಸಿಗದು. ಅಂಥವನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಅರ್ಕಾವತ್ತು ತಿದ್ದಿ, ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ಇಪಬ್ ಮಾಡಿಟ್ಟುಕೊಳ್ಳುತ್ತಿದ್ದೇನೆ. ಇಪಬ್ ಅಂದರೆ ಜಿಪ್ ಮಾಡಿದ ವೆಬ್ ಪುಟಗಳ ಕಟ್ಟು. ಅದಕ್ಕೆ ಮಾರಿದವರ ಬೀಗ ಇಲ್ಲದಿದ್ದರೆ ಯಾವ ಕಂಪನಿ ಮುಚ್ಚಿದರೂ ಬಿಚ್ಚಿ ಓದಬಹುದು. ಬೇಸರದ ಕೆಲಸ ಹೌದು. ಆದರೆ ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆ ಕೂಡಿಸಿ, ವಚನಗಳನ್ನು ಅಚ್ಚಿಗೆ ತಂದರು, 1925ರಲ್ಲಿ ಮುದ್ರಣಾಲಯವನ್ನೇ ಹಾಕಿದರು. ನಮಗೆ ಒಂದು ಲ್ಯಾಪ್‌ಟಾಪ್ ಸಾಕು, ಅಲ್ವಾ?

ಹೊಸಬರು ವಿಕಿಸೋರ್ಸ್ ಎಂಬ ಉಚಿತ ಪುಸ್ತಕ ತಾಣದಿಂದ ಒಂದು ಕನ್ನಡ ಇಪಬ್, ಜೊತೆಗೆ ಒಂದು ಸ್ಕ್ಯಾನ್ ಪಿಡಿಎಫ್ ಇಳಿಸಿಕೊಂಡು, ಗೆಳೆಯರ ಇ-ರೀಡರ್‌ನಲ್ಲಿ ಹಾಕಿ ನೋಡಿ. ಎರಡೂ ಸರಾಗವಾಗಿ ಓದಲು ಬಂದರೆ ಮಾತ್ರ ದುಡ್ಡು ಕೊಡಿ.